ನಗುವಿಗೂ ಪಥ್ಯ

ಕಾಯಿಲೆಯ ಬಗ್ಗೆ ಬರೆದವರು ಕೊನೆಯ ಪುಟದ ಹೊತ್ತಿಗೆ ಎಲ್ಲರನ್ನೂ ಕ್ಷಮಿಸಿರುತ್ತಾರೆ. ಅಂಥ ಬರಹ ಓದಿದಾಗಲೆಲ್ಲ ಇವರ ಸಿಟ್ಟು ಎಲ್ಲಿ ಹೋಯಿತು ಎಂದು ನನಗೆ ಅನ್ನಿಸಿದೆ. ನನ್ನದು ಹೋಗಿಲ್ಲ. ಮುಖದ ಒಂದು ಪಕ್ಕ ಬಿದ್ದುಹೋದ ಯಾರಾದರೂ ಇದನ್ನು ಓದುತ್ತಿದ್ದರೆ, ಕನ್ನಡಿಯ ಮುಂದೆ ಹಲ್ಲು ಕಡಿಯುವವರು ನೀವೊಬ್ಬರೇ ಅಲ್ಲ ಎಂದು ತಿಳಿದಿರಲಿ.

ಅದೊಂದು ಸೋಮವಾರ ಮುಂಜಾನೆ. ಬೆಟಗೇರಿಯ ನಮ್ಮ ಮನೆಯ ಹಿತ್ತಲಲ್ಲಿ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನೇ ಸೋರಿ ಕತ್ತಿನ ಮೇಲೆ ಇಳಿಯಿತು. ಇನ್ನೂ ನಿದ್ದೆಗಣ್ಣು ಎಂದುಕೊಂಡೆ. ಪಕ್ಕದ ಮನೆಯಲ್ಲಿ ಮಗ್ಗ ಶುರುವಾಗಿತ್ತು. ಚಹಾ ಹಿಡಿದು ಬಂದ ಅವ್ವ ನನ್ನನ್ನು ನೋಡಿ ನಿಂತಳು.

"ಸುಮೀ, ಯಾಕ ಮಾರಿ ಹಂಗ ಮಾಡೀದಿ?"

"ಹೆಂಗ ಮಾಡೇನಿ?"

"ನನ್ನ ಅಣಕಸಾಕತ್ತಿಯೇನು?"

ಒಳಗೆ ಹೋಗಿ ಕನ್ನಡಿ ನೋಡಿದೆ. ಮುಖದ ಬಲಭಾಗ ಹೆದರಿತ್ತು. ಎಡಭಾಗಕ್ಕೆ ಹೆದರಿಕೆಯ ಸುದ್ದಿಯೇ ಮುಟ್ಟಿರಲಿಲ್ಲ. ಹುಬ್ಬು ಏರಲಿಲ್ಲ, ಕಣ್ಣು ಮುಚ್ಚಲಿಲ್ಲ, ತುಟಿಯ ತುದಿ ಜೋತುಬಿದ್ದಿತ್ತು. ರಜೆ ಹೇಳಲು ಶೈಲಾಗೆ ಫೋನು ಮಾಡಿದೆ. ನಾವಿಬ್ಬರೂ ಗದಗಿನ ಒಂದೇ ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಪಾಠ ಮಾಡುವವರು.

"ನಿನಗ ಪ, ಬ ಅನ್ನಾಕ ಬರವಲ್ದು," ಎಂದಳು ಅವಳು. "ಕುಂಡ್ರು, ನಾ ಗಾಡಿ ತಗೊಂಡ ಬರತೇನಿ. ಸೀದಾ ದವಾಖಾನಿಗೆ ಹೋಗೂಣು."

ಅಪ್ಪ ಫೋನು ಇಸಿದುಕೊಂಡ. "ಬ್ಯಾಡವಾ ಶೈಲಾ. ಇದು ಲಕ್ವಾ. ಇದಕ್ಕ ಔಷಧ ಎಲ್ಲೈತಿ ಅಂತ ನನಗ ಗೊತ್ತೈತಿ."

ಅಪ್ಪನಿಗೆ ಗೊತ್ತಿದ್ದದ್ದು ಹೇಗೆಂದರೆ, ನಿವೃತ್ತಿಯಾಗುವವರೆಗೆ ಅವನು ಗದಗ–ಮುಂಡರಗಿ ಬಸ್ಸಿನ ಕಂಡಕ್ಟರ್. ಆ ದಾರಿಯಲ್ಲಿ ಇಳಿದು ಒಳಗೆ ನಡೆದರೆ ಒಂದು ಹಳ್ಳಿ. ಅಲ್ಲೊಬ್ಬರು ಹಿರಿಯರು ಮುಖ ಸೊಟ್ಟಾದವರಿಗೆ ಬೇರು ತೇಯ್ದು ಕೊಡುತ್ತಾರೆ, ರವಿವಾರ ಮಾತ್ರ, ಬರಿಹೊಟ್ಟೆಗೆ ಮಾತ್ರ. ಅದಕ್ಕೂ ಮುಂಚೆ ಇಂಗ್ಲಿಷ್ ಔಷಧ ಹೊಟ್ಟೆಗೆ ಹೋಗಿದ್ದರೆ ಇದು ತಾಗುವುದಿಲ್ಲ.

"ನನ್ನ ಸರ್ವಿಸ್‌ನ್ಯಾಗ ಎಷ್ಟ ಮಂದಿನ್ನ ನೋಡೇನಿ," ಎಂದ ಅಪ್ಪ. "ಹೋಗುವಾಗ ಮಾರಿ ಸೊಟ್ಟ, ಟಾವೆಲ್ ಕಟಗೊಂಡಿರತಿದ್ರು. ಮುಂದ ತಿಂಗಳ ಬಿಟ್ಟ ಹರಕಿ ಕಾಯಿ ಕೊಡಾಕ ಹೊಂಟಾಗ ಮಾರಿ ನೆಟ್ಟಗ. 'ಕಂಡಕ್ಟರ್ ಸಾಹೇಬರ, ನೋಡ್ರಿ' ಅಂತ ನಕ್ಕ ತೋರಸತಿದ್ರು. ಕಣ್ಣಾರೆ ಕಂಡಿದ್ದು ಸುಳ್ಳೇನು?"

ಸುಳ್ಳಲ್ಲ. ಆದರೆ ನೆಟ್ಟಗಾಗದವರು ಕಾಯಿ ಕೊಡಲು ಎರಡನೆಯ ಸಲ ಅಪ್ಪನ ಬಸ್ಸು ಹತ್ತಲೇ ಇಲ್ಲ. ಅವರು ಎಲ್ಲಿದ್ದರು, ಯಾವ ಮನೆಯಲ್ಲಿ ಬಾಗಿಲ ಹಿಂದೆ ಕೂತಿದ್ದರು ಎಂದು ಟಿಕೆಟ್ಟು ಹರಿಯುವವನಿಗೆ ಗೊತ್ತಾಗುವ ದಾರಿ ಇರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ನಾಗಾವಿಯ ಗುಡ್ಡದ ಮೇಲಿನ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಿ ಬಂದವಳು ನಾನು. ಹಳ್ಳಿಗಳ ಆರೋಗ್ಯದ ಬಗ್ಗೆಯೇ ಪ್ರಬಂಧ ಬರೆದವಳು. ಆ ಸೋಮವಾರ ನಾನು ಕೂಗಾಡಿದೆ, ಬಾಗಿಲಿನವರೆಗೆ ಹೋದೆ, ಅಪ್ಪ ತೋಳು ಹಿಡಿದ ಎಂದು ನನಗೆ ಸ್ಪಷ್ಟ ನೆನಪಿದೆ. ಶೈಲಾಗೂ ಹಾಗೇ ಹೇಳಿದ್ದೇನೆ. ಆದರೆ ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಕಣ್ಣು ಉರಿ. ರವಿವಾರ ಹೋಗುವುದು." ಕೂಗಾಡಿದವಳು ಅದನ್ನು ಬರೆಯದೆ ಬಿಡುತ್ತಿದ್ದಳೇ? ಬಹುಶಃ ನಾನು ಸುಮ್ಮನೆ ತಲೆಯಾಡಿಸಿದ್ದೆ. ಕೂಗಾಟವನ್ನು ನನ್ನ ಸಿಟ್ಟು ಆಮೇಲೆ ಕಟ್ಟಿಕೊಂಡಿರಬೇಕು.

ರವಿವಾರದವರೆಗೆ ಕಾದೆವು. ಗಾಳಿ ಬಡಿಯಬಾರದೆಂದು ಕಿವಿಗೆ ಅರಳೆ, ತಲೆಗೆ ಶಾಲು, ಆ ಬಿಸಿಲಿನಲ್ಲಿ. ನೋಡಲು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮುಖ ಹುಡುಕುತ್ತಿದ್ದರು. "ಏನೂ ಆಗಿಲ್ಲ ಬಿಡು, ಗೊತ್ತ ಆಗೂದಿಲ್ಲ" ಎನ್ನುವವರು ಒಂದು ಬಗೆ. "ಲಗ್ನದ ಹುಡುಗಿಗೆ ಹಿಂಗ ಆಗಬಾರದಾಗಿತ್ತು" ಎಂದು ಅವ್ವನಿಗೆ ಹೇಳಿ, ನನಗೆ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡುವವರು ಇನ್ನೊಂದು ಬಗೆ. ಗಂಡಸಿಗಾದರೆ ಹೀಗಾದರೂ ನಡೆಯುತ್ತಿತ್ತೇ ಎಂದು ಕೇಳಬೇಕೆನಿಸಿತು. ಆದರೆ ಬಾಯಿ ತೆರೆದರೆ ಜೊಲ್ಲು ಸುರಿಯುತ್ತಿತ್ತು.

ಔಷಧ ಕೊಡುವ ಹಿರಿಯರ ಮೇಲೆ ಸಿಟ್ಟು ಮಾಡಲು ನೋಡಿದ್ದೇನೆ, ಬರುವುದಿಲ್ಲ. ಅವರ ಅಂಗಳದಲ್ಲಿ ನನ್ನಂಥವರು ಸಾಲಾಗಿ ಬೇವಿನ ಬುಡದಲ್ಲಿ ಕೂತಿದ್ದರು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದಲೂ ಬಂದಿದ್ದರು. ನನಗಿಂತ ಚಿಕ್ಕವಳೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನನ್ನತ್ತ ಕಣ್ಣಲ್ಲೇ ನಕ್ಕಳು. ಹಿರಿಯರು ದುಡ್ಡು ಮುಟ್ಟಲಿಲ್ಲ. ಬೇರಿನ ರಸ ಕುಡಿಸಿ, ಗಲ್ಲಕ್ಕೆ ಹಚ್ಚಿ, ಪಥ್ಯ ಹೇಳಿದರು: ಎಣ್ಣೆ ಬೇಡ, ಹುಳಿ ಬೇಡ.

"ಮತ್ತ ಮಾತ ಕಡಿಮಿ ಮಾಡವಾ. ನಗಬ್ಯಾಡ. ಅಮಾಸಿ ತನಕ ನಗಬ್ಯಾಡ. ನಕ್ಕರ ಬಾಯಿ ಒಂದ ಕಡೆ ಎಳೀತೈತಿ, ಎಳದಲ್ಲೇ ಕುಂತಬಿಡತೈತಿ."

ಅಪ್ಪ ಈ ಮಾತನ್ನು ಮೇಲಧಿಕಾರಿಯ ಆದೇಶದ ಹಾಗೆ ಎದೆಗಿಳಿಸಿಕೊಂಡ.

ಮನೆಯಲ್ಲಿ ನಗುವಿನ ಮೇಲೆ ಕಾವಲು ಬಿತ್ತು. ನನ್ನ ಫೋನು ಅಲಮಾರಿಗೆ ಹೋಯಿತು, ಟಿವಿಯ ತಂತಿ ಕಿತ್ತಿಟ್ಟರು. ಎದುರು ಮನೆಯ ಮಗು ಬಂದರೆ ಅವ್ವ ಅದನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ನಗಲು ನನಗೇನೂ ಕಾರಣ ಇರಲಿಲ್ಲ. ಆದರೂ ಬೇಡವೆಂದು ಹೇಳಿದ ಮೇಲೆ ಊಟದ ತಾಟು ನೋಡಿದರೂ ನಗು ಬರುವಂತಾಗುತ್ತಿತ್ತು, ಆಗ ಒಳಗೇ ನುಂಗಿ ಬೆವರುತ್ತಿದ್ದೆ.

ಶೈಲಾ ಒಂದು ಸಂಜೆ ದಪ್ಪ ಪುಸ್ತಕ ತಂದಳು. ಒಂದು ಅದ್ಭುತ ಸಾಹಸದ ಕಾದಂಬರಿ. "ಇದು ಸಿನಿಮಾ ಆಗೇತಿ. ಬಿಡುಗಡಿ ಆಗೂದರಾಗ ಓದಿ ಮುಗಸು, ಇಬ್ರೂ ಹೋಗೂಣು," ಎಂದಳು. ನನ್ನ ಎಡಗಣ್ಣು ಮುಚ್ಚದೆ ಒಣಗಿ ಕೆಂಪಾಗಿತ್ತು, ಒಂದು ಪುಟ ಓದುವುದರಲ್ಲಿ ಅಕ್ಷರ ಈಜಾಡುತ್ತಿದ್ದವು. ಅಪ್ಪ ಕನ್ನಡಕ ಹಾಕಿಕೊಂಡು, "ತಾ ಇಲ್ಲೆ, ನಾ ಓದತೇನಿ," ಎಂದ.

ಮಧ್ಯಾಹ್ನ ಊಟದ ಮೇಲೆ ಅಪ್ಪ ಪುಸ್ತಕ ಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಸಂಜೆ ಬಂದು ನನಗೆ ಓದಿ ಹೇಳುತ್ತಿದ್ದ. ಮುಂದಿನ ಸ್ಟಾಪು ಕೂಗುವ ದನಿಯಲ್ಲಿ, ಏರಿಳಿತವಿಲ್ಲದೆ. ನನಗೆ ಸಿಕ್ಕ ಕಥೆ ಹೀಗಿತ್ತು. ಸುಡುವ ಬಿಸಿಲಿನ ಒಂದು ರಾಜ್ಯ. ಒಬ್ಬ ರಾಕ್ಷಸ ಅಲ್ಲಿನ ನೆರಳುಗಳನ್ನೆಲ್ಲ ಕದ್ದೊಯ್ಯುತ್ತಾನೆ, ಮರದ್ದು, ಗೋಡೆಯದ್ದು, ಮನುಷ್ಯರದ್ದು. ನೆರಳಿನ ವಿಷಯ ತಿಳಿದವನು ಇವನೊಬ್ಬನೇ ಎಂದು ರಾಜ ಒಬ್ಬ ಛತ್ರಿ ರಿಪೇರಿಯವನನ್ನು ಹಿಡಿದು ರಾಕ್ಷಸನ ಕಡೆಗೆ ಕಳಿಸುತ್ತಾನೆ. ಜೊತೆಗೆ ಒಂದು ಮುದಿ ಎಮ್ಮೆ. ಎಮ್ಮೆ ಏನೂ ಅನ್ನುವುದಿಲ್ಲ. ಉರಿಯುವ ಮರಳಿನಲ್ಲಿ ನಡೆಯುತ್ತದೆ, ನದಿ ಬಂದರೆ ನೀರಿನಲ್ಲಿ ಕೂರುತ್ತದೆ. ರಾಕ್ಷಸನ ಕೋಟೆಯ ಬಾಗಿಲಲ್ಲಿ ಅದನ್ನು ಕಟ್ಟಿ ಹಾಕಿದ ಭಾಗ ಓದಿದಾಗ ನಾನು ಅತ್ತೆ. ಎಡಗಣ್ಣಿನ ನೀರು ಒಂದೇ ಸಮ ಇಳಿಯಿತು.

ಆ ಎಮ್ಮೆ ನಾನೇ ಎಂದುಕೊಂಡಿದ್ದೆ. ಏನೂ ಅನ್ನದೆ, ಕಟ್ಟಿದಲ್ಲಿ ಕಟ್ಟಿಸಿಕೊಂಡು. ಕೊನೆಯಲ್ಲಿ ರಾಕ್ಷಸ ಸೋಲುತ್ತಾನೆ, ನೆರಳುಗಳು ಅವರವರ ಕಾಲಿಗೆ ಮರಳಿ ಬಂದು ಅಂಟಿಕೊಳ್ಳುತ್ತವೆ. "ಇದ್ದದ್ದು ಇದ್ದಂಗ ಬಂತು ನೋಡು," ಎಂದು ಅಪ್ಪ ಪುಸ್ತಕ ಮುಚ್ಚಿದ. "ನಿಂದೂ ಹಂಗ ಬರತೈತಿ."

ಬರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಎಡಗಣ್ಣು ರಕ್ತದಂತೆ ಕೆಂಪಾಗಿ ನೋವು ತಡೆಯಲಾರದಷ್ಟಾಯಿತು. ಶೈಲಾ ಬಂದವಳು ಅಪ್ಪನ ಮಾತಿಗೆ ಕಾಯದೆ ಆಟೋ ಕರೆದಳು. ಅಪ್ಪ ಶಾಲು ಹಿಡಿದುಕೊಂಡು ಹಿಂದೆ ಓಡಿ ಬಂದು ಹತ್ತಿದ.

ದವಾಖಾನೆಯ ಬೆಂಚಿನ ಮೇಲೆ ಕಾದದ್ದು ಬಹಳ ಹೊತ್ತು. ಎದುರಿಗೆ ಹಿರೇಹಂದಿಗೋಳದ ಒಬ್ಬ ಅಜ್ಜಿ ಮೊಣಕಾಲು ತಿಕ್ಕುತ್ತ ನನ್ನನ್ನೇ ನೋಡುತ್ತಿದ್ದಳು. ಉಳಿದವರೂ ನೋಡುತ್ತಿದ್ದರು, ನಾನು ನೋಡಿದರೆ ಗೋಡೆಯ ಮೇಲಿನ ಫಲಕ ಓದುತ್ತಿದ್ದರು. ಅಜ್ಜಿ ಏನನ್ನೂ ಓದಲಿಲ್ಲ.

"ಏನವಾ, ಆ ಕಣ್ಣ ಮುಚ್ಚಂಗಿಲ್ಲೇನು?"

"ಇಲ್ಲಬೇ ಅಮ್ಮಾ."

"ಮಕ್ಕೊಂಡಾಗೂ ತಗದ ಇರತೈತಿ?"

"ಹೂಂ."

"ಹಂಗಿದ್ರ ನಿಮ್ಮ ಮನಿಗೆ ನಾಯಿ ಬ್ಯಾಡ ಬಿಡು. ನೀನ ಕಾಯತಿ."

ನಗು ಬಂದೇಬಿಟ್ಟಿತು. ಎಷ್ಟೋ ದಿನದಿಂದ ನುಂಗಿದ್ದೆಲ್ಲ ಸೇರಿಕೊಂಡು ಮುಖದ ಒಂದೇ ಪಕ್ಕದಿಂದ ಹೊರಬಿತ್ತು. ಅಪ್ಪ ಎದ್ದು ನಿಂತ. "ಸುಮೀ, ನಗಬ್ಯಾಡ. ಇನ್ನೊಂದ ದಿನ ಐತಿ," ಎಂದು ಎರಡೂ ಕೈಯಿಂದ ನನ್ನ ಗಲ್ಲ ಹಿಡಿದ, ಒಡೆದ ಗಡಿಗೆ ಹಿಡಿದ ಹಾಗೆ. ನಾನು ಆ ಕೈಗಳನ್ನು ಕಿತ್ತೆಸೆದೆ. ಇದು ಮಾತ್ರ ನಿಜವಾಗಿ ನಡೆದದ್ದು, ಶೈಲಾ ನೋಡಿದ್ದಾಳೆ.

ಡಾಕ್ಟರು ಮೊದಲು ಕಣ್ಣು ನೋಡಿದರು, ಆಮೇಲೆ ಕೇಳಿದರು: "ಯಾವತ್ತ ಆಗಿದ್ದು?" ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು. "ಮೊದಲ ಎರಡ್ಮೂರ ದಿನದಾಗ ಬಂದಿದ್ರ ಗುಳಿಗಿ ಭಾಳ ಕೆಲಸ ಮಾಡತಿದ್ವು." ಅಪ್ಪ ಬಸ್ಸಿನ ಮಾತು ತೆಗೆದ. ನೆಟ್ಟಗಾಗಿ ಮರಳಿದವರ ಕಥೆ ಹೇಳಿದ. ಡಾಕ್ಟರು ಕೇಳಿಸಿಕೊಂಡು ಹೇಳಿದರು: "ಇದು ಭಾಳ ಮಂದಿಗೆ ತಾನ ಹೋಗತೈತ್ರಿ ಅಜ್ಜಾರ. ಯಾರಿಗೆ ಹೋಗೂದಿಲ್ಲಂತ ಮೊದಲ ಹೇಳಾಕ ಬರೂದಿಲ್ಲ. ಅದಕ್ಕ ಜಲ್ದಿ ಬರಬೇಕು."

ಕಣ್ಣು ಉಳಿಯಿತು. ಹನಿ ಹಾಕಿಕೊಂಡೆ, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಿಕೊಂಡೆ, ಕನ್ನಡಿಯ ಮುಂದೆ ಹುಬ್ಬು ಏರಿಸುವ, ಗಲ್ಲ ಉಬ್ಬಿಸುವ ವ್ಯಾಯಾಮ ಮಾಡಿದೆ. ತಿಂಗಳುಗಳು ಕಳೆದಂತೆ ಮುಖ ಬಂತು, ಆದರೆ ತಪ್ಪು ದಾರಿಯಲ್ಲಿ ಬಂತು. ನಾನು ನಕ್ಕರೆ ಎಡಗಣ್ಣು ಮುಚ್ಚಿಕೊಳ್ಳುತ್ತದೆ. ನರಗಳು ಮತ್ತೆ ಬೆಳೆಯುವಾಗ ವಿಳಾಸ ತಪ್ಪುತ್ತವಂತೆ, ತುಟಿಗೆ ಹೊರಟ ಸುದ್ದಿ ಕಣ್ಣಿಗೂ ಹೋಗಿ ಮುಟ್ಟುತ್ತದಂತೆ. ಕಾಲೇಜಿನ ಗುಂಪು ಫೋಟೋದ ದಿನ ನಮ್ಮ ಮುಖ್ಯಸ್ಥರು, "ಮೇಡಂ, ನೀವು ಬೇಕಾದರೆ ಬರಬೇಡಿ, ನಾವೇನೂ ತಿಳಕೊಳ್ಳೋದಿಲ್ಲ," ಎಂದರು. ನಾನು ಹೋಗಿ ನಡುವೆ ಕೂತೆ. ನಗಲಿಲ್ಲ. ಫೋಟೋದಲ್ಲಿ ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಕಾಣುತ್ತೇನೆ. ಅದು ನನ್ನ ನಿಜವಾದ ಮುಖವೇ.

ಸಿನಿಮಾ ಗದಗಿಗೆ ಬಂದಾಗ ಶೈಲಾ, ಅಪ್ಪ, ನಾನು ಹೋದೆವು. ಕತ್ತಲಿರುವುದರಿಂದ ಟಾಕೀಸು ನನಗೆ ಒಗ್ಗುವ ಜಾಗವಾಗಿತ್ತು. ಛತ್ರಿ ರಿಪೇರಿಯವನು ರಾಜನ ಮುಂದೆ ನಡುಗುತ್ತ ನಿಂತದ್ದು ಬಂತು. ಅವನಿಗೆ ಎಮ್ಮೆ ಒಪ್ಪಿಸಿದರು. ಇಬ್ಬರೂ ನದಿಯ ದಂಡೆಗೆ ಬಂದರು. "ಇದು ಎಷ್ಟು ಆಳ ಇರಬಹುದು?" ಎಂದು ಅವನು ತನ್ನಷ್ಟಕ್ಕೆ ಕೇಳಿಕೊಂಡ. ಪರದೆಯ ಮೇಲೆ ಇನ್ನೂ ಏನೂ ಆಗಿರಲಿಲ್ಲ. ನನ್ನ ಪಕ್ಕದಲ್ಲಿ ಅಪ್ಪ ನಗಲು ಶುರು ಮಾಡಿದ.

ಆಮೇಲೆ ಎಮ್ಮೆ ಬಾಯಿ ತೆರೆಯಿತು. "ಆಳದ ಬಗ್ಗೆ ಒಂದು ವರದಿ ತರಿಸೋಣ," ಎಂದಿತು ಗಂಭೀರವಾಗಿ. "ವರದಿ ಬರುವವರೆಗೆ ನಾನು ನೀರಿನಲ್ಲಿ ಕೂತಿರುತ್ತೇನೆ."

ಟಾಕೀಸು ಒಡೆದುಹೋಗುವಂತೆ ನಕ್ಕಿತು. ನಾನು ಪರದೆ ಬಿಟ್ಟು ಅಪ್ಪನತ್ತ ತಿರುಗಿದೆ. ಅವನ ನಗು ಅಲ್ಲಿಗೇ ನಿಂತಿತು.

"ಸಿನಿಮಾದವರು ಎಮ್ಮಿಗೆ ಮಾತ ಹಚ್ಚ್ಯಾರೇನ?" ಎಂದು ಶೈಲಾಳನ್ನು ಕೇಳಿದೆ.

"ಏ, ಪುಸ್ತಕದಾಗ ಇದಕ್ಕಿಂತ ಹೆಚ್ಚ ಮಾತಾಡತೈತಲ್ಲ. ಹಿಂದಿನ ಜನ್ಮದಾಗ ಮಂತ್ರಿ ಆಗಿದ್ದೆ ಅಂತ ತಿಳಕೊಂಡಿರತೈತಿ. ನೀ ಓದಿಲ್ಲೇನು?"

ಮುಂದಿನದನ್ನೆಲ್ಲ ನಾನು ಹಲ್ಲು ಕಚ್ಚಿಕೊಂಡು ನೋಡಿದೆ, ಆದರೂ ನಕ್ಕೆ. ಕೋಟೆಯ ಬಾಗಿಲಲ್ಲಿ ಎಮ್ಮೆ ಛತ್ರಿಯವನಿಗೆ, "ಮೊದಲು ನೀನು ಹೋಗಿ ಸಾಯಿ, ಸಂತಾಪ ನಾನು ಸೂಚಿಸುತ್ತೇನೆ," ಎಂದಾಗ ಹೊಟ್ಟೆ ಹಿಡಿದುಕೊಂಡೆ. ಇದೇ ಜಾಗದಲ್ಲಿ ನಾನು ಅತ್ತಿದ್ದೆ. ಕೊನೆಯಲ್ಲಿ ನೆರಳುಗಳು ಮರಳಿ ಬಂದವು, ಆದರೆ ಅವಸರದಲ್ಲಿ ಯಾರ್ಯಾರದೋ ಕಾಲಿಗೆ ಅಂಟಿಕೊಂಡವು. ರಾಜನಿಗೆ ಕೋಳಿಯ ನೆರಳು, ಕೋಳಿಗೆ ಆನೆಯ ನೆರಳು. ಸಿನಿಮಾದಲ್ಲಿ ಅದನ್ನು ಒಂದು ಹಾಡಿನಲ್ಲಿ ಮುಗಿಸಿದ್ದಾರೆ. ಪುಸ್ತಕದಲ್ಲಿ ಅದೇ ಒಂದು ದೊಡ್ಡ ಅಧ್ಯಾಯ ಎಂದು ಶೈಲಾ ಹೇಳಿದಳು.

ಹೊರಗೆ ಬಂದು ಶೈಲಾ ಗಾಡಿ ತರಲು ಹೋದಾಗ ನಾನು ಅಪ್ಪನನ್ನು ಕೇಳಿದೆ. "ಎಮ್ಮಿ ಮಾತ ಯಾಕ ಬಿಟ್ಟಿ?"

ಅಪ್ಪ ರಸ್ತೆ ನೋಡುತ್ತ ನಿಂತ. "ಎಮ್ಮಿ ಮಾತಾಡಿದ್ರ ನೀ ನಗತಿದ್ದಿ."

"ಅದಕ್ಕ?"

"ನಕ್ಕಿದ್ರ ಮಾರಿ ಹಂಗ ಕುಂಡರತೈತಿ ಅಂದಿದ್ರು. ಮಧ್ಯಾಹ್ನ ಹಿತ್ತಲದಾಗ ಕುಂತ ಓದಿ, ನಗು ಬರೂದಕ್ಕೆಲ್ಲಾ ಪೆನ್ಸಿಲ್ ಗೀಟ ಹಾಕತಿದ್ದೆ. ಸಂಜಿಕ ಅಷ್ಟ ಬಿಟ್ಟ ಓದತಿದ್ದೆ."

"ಅಂದ್ರ ನೀ ಒಬ್ಬಾವನ ಕುಂತ ನಗತಿದ್ದಿ."

"ಬಚ್ಚಲದಾಗ ಹೋಗಿ ನಗತಿದ್ದೆ. ನಿನಗ ಕೇಳಬಾರದಂತ."

ಆ ದಿನಗಳಲ್ಲಿ ಅಪ್ಪನಿಗೆ ಕೆಮ್ಮು ಇತ್ತೆಂದು ನನ್ನ ನೆನಪು. ಬಚ್ಚಲಿನಿಂದ ಕೇಳುತ್ತಿತ್ತು. ಅವ್ವ ಅವನಿಗೆ ಶುಂಠಿ ಕಷಾಯ ಮಾಡಿ ಕೊಟ್ಟದ್ದೂ ನೆನಪಿದೆ. ಹಾಗಾದರೆ ನಗುವಿಗೆ ಕಷಾಯ ಕುಡಿದನೇ? ಕೇಳಲಿಲ್ಲ. ಕೇಳಿದ್ದರೆ ನಕ್ಕುಬಿಡುತ್ತಿದ್ದೆ, ಮತ್ತು ಆ ಹೊತ್ತಿನಲ್ಲಿ ಅವನ ಮುಂದೆ ನಗುವುದು ನನಗೆ ಬೇಕಿರಲಿಲ್ಲ.

"ನೆರಳ ಅದಲಿ ಬದಲಿ ಆಗೂದು?" ಎಂದೆ. "ಅದನ್ಯಾಕ ತಿದ್ದಿದಿ? ಅದು ನನಗ ಬೇಕಾಗಿತ್ತು ಅಪ್ಪಾ. ಇದ್ದದ್ದು ಇದ್ದಂಗ ಬಂತು ಅಂತ ಸುಳ್ಳ ಹೇಳಿದಿ."

"ಕೋಳಿ ನೆರಳಂದ್ರ ನಗತಿದ್ದಿ."

"ನಗತಿದ್ದೆ. ನಕ್ಕಿದ್ರ ಏನ ಆಗತಿತ್ತು? ನಗಲಾರದ ಕುಂತು ಏನ ಆತು? ನೋಡು ಇಲ್ಲೆ." ಬೀದಿದೀಪದ ಕೆಳಗೆ ನಿಂತು ಬೇಕೆಂದೇ ಹಲ್ಲು ತೋರಿಸಿ ನಕ್ಕೆ. ಎಡಗಣ್ಣು ಮುಚ್ಚಿಕೊಂಡಿತು. ಗಿರ್ಮಿಟ್ ಗಾಡಿಯವನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನೋಡಿದ. ಅಪ್ಪ ತಲೆ ತಗ್ಗಿಸಲಿಲ್ಲ. ಪೂರ್ತಿ ನೋಡಿದ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು.

ಮರುದಿನದಿಂದ ನಾನೇ ಪುಸ್ತಕ ಓದಿದೆ. ಗೀಟು ಹಾಕಿದ ಸಾಲುಗಳನ್ನು ಮೊದಲು, ಆಮೇಲೆ ಪೂರ್ತಿ. ಅಷ್ಟು ಖುಷಿಯಿಂದ ನಾನು ಯಾವ ಪುಸ್ತಕವನ್ನೂ ಓದಿಲ್ಲ, ಅಷ್ಟು ಸಿಟ್ಟಿನಿಂದಲೂ ಓದಿಲ್ಲ. ಕೆಲವು ಕಡೆ ಅಪ್ಪನ ಮೌನದ ಎಮ್ಮೆಯೇ ಕಣ್ಣಿಗೆ ಬರುತ್ತದೆ. ಅದು ಯಾರೂ ಬರೆಯದ ಎಮ್ಮೆ, ನಮ್ಮ ಮನೆಯ ನಡುಮನೆಯಲ್ಲಿ ಮಾತ್ರ ಇದ್ದದ್ದು, ಅದನ್ನು ಕಳೆದುಕೊಂಡ ದುಃಖವೂ ನನಗಿದೆ. ಇದನ್ನು ಒಪ್ಪಿಕೊಳ್ಳುವಾಗ ಇನ್ನಷ್ಟು ಸಿಟ್ಟು ಬರುತ್ತದೆ. ನನ್ನಿಂದ ಕಸಿದುಕೊಂಡದ್ದರಲ್ಲೂ ನನಗೆ ಪ್ರೀತಿಯ ಒಂದು ವಸ್ತು ಉಳಿಯುವ ಹಾಗೆ ಅಪ್ಪ ಯಾಕೆ ಮಾಡಬೇಕಿತ್ತು?

ಕಳೆದ ರವಿವಾರ ಪುಸ್ತಕವನ್ನು ಅವನ ತೊಡೆಯ ಮೇಲೆ ಇಟ್ಟೆ. ಕೊನೆಯ ಅಧ್ಯಾಯ.

"ಓದು."

"ನೀ ಓದೀದಿಯಲ್ಲ."

"ನೀ ಓದಿಲ್ಲ. ನನಗ ಓದಿ ಹೇಳಿಲ್ಲ."

ಅವನು ಕನ್ನಡಕ ಹಾಕಿಕೊಂಡು ಶುರು ಮಾಡಿದ, ಅದೇ ಸ್ಟಾಪು ಕೂಗುವ ದನಿ. ರಾಜ ಕೋಳಿಯ ನೆರಳು ಹೊತ್ತು ದರ್ಬಾರಿಗೆ ಬಂದ. ನೆರಳು ನೆಲದಲ್ಲಿ ಕಾಳು ಹುಡುಕುತ್ತದೆ, ರಾಜ ತೀರ್ಪು ಕೊಡುತ್ತಾನೆ. "ಪ್ರಭುಗಳು ಎಂದಿಗಿಂತ ಚುರುಕಾಗಿದ್ದಾರೆ," ಎನ್ನುತ್ತದೆ ಎಮ್ಮೆ. ಅಲ್ಲಿಗೆ ಬರುವಾಗ ಅಪ್ಪನ ದನಿ ಅಲುಗಿತು, ಮುಂದಿನ ಸಾಲಿನಲ್ಲಿ ಒಡೆಯಿತು. ಒಳಗಿನಿಂದ ಅವ್ವ, "ಮತ್ತ ಕೆಮ್ಮ ಬಂತೇನು?" ಎಂದಳು.

ನಾನು ನಕ್ಕೆ. ನಿಲ್ಲಿಸಲಾಗದೆ ನಕ್ಕೆ, ಎಡಗಣ್ಣು ಪೂರ್ತಿ ಮುಚ್ಚಿಹೋಯಿತು. ಅಪ್ಪ ಓದುವುದು ನಿಲ್ಲಿಸಿ ನನ್ನ ಮುಖ ನೋಡಿದ. ಅವನ ಎರಡೂ ಕೈ ಪುಸ್ತಕ ಬಿಟ್ಟು ನನ್ನ ಗಲ್ಲದ ಕಡೆ ಏಳುತ್ತಿದ್ದವು.

"ಕೈ ಕೆಳಗ ಇಡು," ಎಂದೆ. "ಮುಂದ ಓದು. ಒಂದ ಸಾಲೂ ಬಿಡಬ್ಯಾಡ."